ಒಂಬತ್ತು ಸಾವಿರದ ನೂರನೆಯ ಬಾಗಿಲು

ಬೆಲೊಗ್ರಾದ್‌ಚಿಕ್‌ನಲ್ಲಿ ಸತ್ತವರು
ಮೊದಲು ಸ್ನೆಜಾನಾಳ ಅಂಗಡಿಗೆ ಬರುತ್ತಾರೆ,
ಆಮೇಲೆ ಬಸ್ ನಿಲ್ದಾಣದ ಗಾಜಿಗೆ, ಬೇಕರಿಯ ಕದಕ್ಕೆ,
ಲಿಂಡನ್ ಮರದ ಸೊಂಟಕ್ಕೆ:
ಒಂದು ಫೋಟೊ, ಒಂದು ವಯಸ್ಸು, ಸುತ್ತ ಕಪ್ಪು ಅಂಚು.
ಅಂಟು ಒಣಗುವ ಮೊದಲೇ ಊರಿಗೆಲ್ಲ ಗೊತ್ತು.

ಇಷ್ಟು ದಿನ ಪೆನ್‌ಡ್ರೈವಿನಲ್ಲಿ ಬರುತ್ತಿದ್ದರು.
ಪಾದ್ರಿ ವೆಲಿಚ್ಕೊ ಕೋಟಿನ ಒಳಜೇಬಿನಲ್ಲಿ ತರುತ್ತಿದ್ದ;
ಹೂವಿನಂಗಡಿಯ ಯೊನ್ಕಾ ಹಿಮದಲ್ಲಿ ಜಾರಿ
ಒಮ್ಮೆ ಮೂವರನ್ನು ಮೋರಿಗೆ ಬೀಳಿಸಿದಳು.
ಅಂದೇ ನನ್ನನ್ನು ಕರೆಸಿದ್ದು.
ನಾನು ಡಿಶ್ ಆಂಟೆನಾ ರಿಪೇರಿಯವ,
ತಂತಿ ಎಂದರೆ ಎಲ್ಲ ತಂತಿಯೂ ನನಗೆ ಗೊತ್ತೆಂದು ಊರಿನ ನಂಬಿಕೆ.

ಆಕೆಯ ಪ್ರಿಂಟರಿಗೆ ಹದಿನೇಳು ವರ್ಷ,
ಇರುವುದು ಒಂದೇ ಬಾಲ, ಯುಎಸ್‌ಬಿ.
ನನ್ನ ಬಳಿ ಹಳೆಯ ರೌಟರ್, ಅಂಗೈಯಗಲ,
ನಾಲ್ಕು ಎಂಬಿ ಜಾಗ, ಮುಕ್ಕಾಲು ಆಗಲೇ ಭರ್ತಿ.
ದೊಡ್ಡ ಪ್ರಿಂಟ್ ಸರ್ವರ್ ಬರುವುದು ದಿಬ್ಬಣ ಬಂದಂತೆ:
ಸರತಿ ಸಾಲು, ಲೆಕ್ಕದ ಪುಸ್ತಕ, ನೂರು ಪ್ರಿಂಟರುಗಳ ಜಾತಕ.
ಅಷ್ಟು ಮಂದಿಗೆ ಈ ಮನೆಯಲ್ಲಿ ಚಾಪೆಯಿಲ್ಲ.
ಅದಕ್ಕೇ ಈ ಚಿಕ್ಕ ಡೀಮನ್.
ಹೆಸರು ದೆವ್ವದ್ದು, ಕೆಲಸ ಜವಾನನದು.

ಒಂಬತ್ತು ಸಾವಿರದ ನೂರನೆಯ ಬಾಗಿಲಲ್ಲಿ ಕೂತಿರುತ್ತದೆ.
ಯಾರಾದರೂ ತಟ್ಟಿದರೆ
ಈಸಿಕೊಳ್ಳುತ್ತದೆ, ತಂತಿಗೆ ದಾಟಿಸುತ್ತದೆ.
ಓದುವುದಿಲ್ಲ. ಪ್ರತಿ ಇಟ್ಟುಕೊಳ್ಳುವುದಿಲ್ಲ.
ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು
ಇಲ್ಲಿ ಬೈಗುಳವಲ್ಲ, ಅರ್ಹತೆ.

ಬರೆಯಬೇಕಾದದ್ದು ನಾಲ್ಕೇ ಸಾಲು.
ಯಾವ ಯಂತ್ರ, ಯಾವ ಬಾಗಿಲು,
ಪ್ರಿಂಟರ್ ತಿರುಗಿ ಮಾತಾಡಿದರೆ ಕೇಳಬೇಕೋ ಬೇಡವೋ,
ಕೊನೆಗೆ, ಏಳು ಎನ್ನಲು ಒಂದು.
ಆ ಒಂದನ್ನು ಸೊನ್ನೆಯಾಗಿಯೇ ಬಿಟ್ಟು
ನಾನು ಮುಕ್ಕಾಲು ಗಂಟೆ ಕೇಬಲ್ಲನ್ನು ಬೈದೆ.

ಪರೀಕ್ಷೆಗೆ ಏನು ಕಳಿಸಲಿ?
ಪರದೆಯ ಮೇಲೆ ಅಂಚಿತ್ತು, ಹೆಸರಿರಲಿಲ್ಲ.
‘ಬೇಡ,’ ಸ್ನೆಜಾನಾ ಕೈ ಹಿಡಿದಳು,
‘ಖಾಲಿ ಚೌಕಟ್ಟು ಯಾರನ್ನೋ ಹುಡುಕಿಕೊಂಡು ಹೋಗುತ್ತದೆ.’
ಮೂರು ಸಲ ಮೇಜು ಕುಟ್ಟಿದಳು,
ಇರಲಿ ಎಂದು ಪ್ರಿಂಟರಿನ ಪ್ಲಾಸ್ಟಿಕ್ಕನ್ನೂ ಒಮ್ಮೆ.
ಬಾಯಿಗೆ ಬಂದದ್ದನ್ನೇ ಒಳಗೆ ಟೈಪು ಮಾಡಿದಳು:
ಕೆಂಪು ಮೆಣಸಿನಕಾಯಿ ಐದು ಕಿಲೊ, ವಿನೆಗರ್ ಅರ್ಧ ಲೀಟರ್,
ಬೆಳ್ಳುಳ್ಳಿ ಮೂರು ಗಡ್ಡೆ, ಉಪ್ಪು ಒಂದೂವರೆ ಹಿಡಿ.
ಯಂತ್ರ ಕೆಮ್ಮಿತು. ಹಾಳೆ ಬಿಸಿಬಿಸಿಯಾಗಿ ಹೊರಬಿತ್ತು.

ಪುರಸಭೆಯ ಗಾತ್ಸೊ ತಪ್ಪು ಡ್ರೈವರ್ ಹಾಕಿಕೊಂಡು
ನಲವತ್ತು ಹಾಳೆ ಕಸ ಕಳಿಸಿದ; ಅದನ್ನೂ
ಅಷ್ಟೇ ಶ್ರದ್ಧೆಯಿಂದ ದಾಟಿಸಿತು.
ಮಧ್ಯಾಹ್ನ ಚರ್ಚಿನಿಂದಲೇ ಬಂದ ಮೆತೋದಿ, ಎಂಬತ್ತೆಂಟು.
ಕಾಗದ ಸಿಕ್ಕಿಕೊಂಡು ಮೂಗಿನವರೆಗೆ ಬಂದು ನಿಂತ.
‘ಉಳಿದವನು ಎಲ್ಲಿ, ಈ ಡಬ್ಬಿಯೊಳಗೋ?’
ಇಲ್ಲಿ ಯಾರೂ ತಂಗುವುದಿಲ್ಲ, ಎಂದೆ.
ಉಳಿದವನು ಇನ್ನೂ ಪಾದ್ರಿಯ ಬಳಿಯೇ, ಬಾಗಿಲಾಚೆ.

ನಲವತ್ತನೆಯ ದಿನ ಮೆತೋದಿ ಮತ್ತೆ ಬರುತ್ತಾನೆ,
ಆರು ತಿಂಗಳಿಗೆ ಬರುತ್ತಾನೆ, ವರ್ಷಕ್ಕೆ ಬರುತ್ತಾನೆ,
ಅದೇ ಫೋಟೊ, ಅದೇ ಸೊಟ್ಟ ಟೈ.
ಡೀಮನ್ನಿಗೆ ಪ್ರತಿ ಸಲವೂ ಹೊಸಬ.
‘ಯಾರ ಗುರುತೂ ಇಲ್ಲವೇ ಇದಕ್ಕೆ?’
ಇಲ್ಲ.
‘ಆಗಲಿ. ನನಗಿದೆ,’ ಎಂದು ಕನ್ನಡಕ ಏರಿಸಿ
ಹೆಸರಿನಲ್ಲಿ ಬಿಟ್ಟುಹೋದ ಅಕ್ಷರ ಸೇರಿಸಿದಳು;
ಶಾಬಾನನ ಹಾಳೆಯ ಅಂಚಿಗೆ ಹಸಿರು ಸ್ಕೆಚ್ ಪೆನ್ ಎಳೆದಳು,
ಕಪ್ಪು ಮಾತ್ರ ಬಲ್ಲ ಯಂತ್ರಕ್ಕೆ ಅವನ ಮಸೀದಿ ತಿಳಿಯದು.

ಕೂಲಿ, ಎರಡು ಬಾಟಲಿ ಉಪ್ಪಿನಕಾಯಿ.
ಹೊರಡುವಾಗ ಕದದ ಮೇಲೆ, ಯಾರು ಅಂಟಿಸಿದರೋ,
ಕಪ್ಪು ಅಂಚಿನೊಳಗೆ ಐದು ಕಿಲೊ ಮೆಣಸಿನಕಾಯಿ.
ಮುದುಕನೊಬ್ಬ ನಿಂತ. ಟೋಪಿ ತೆಗೆದ.
ತುಟಿಯಲ್ಲೇ ಓದಿದ, ಕೆಳಗೆ ವಯಸ್ಸು ಹುಡುಕಿದ,
ಟೋಪಿ ಹಾಕಿಕೊಂಡು ಹೊರಟ.
ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು
ಉಪ್ಪು ಎಷ್ಟೆಂದು ಮತ್ತೊಮ್ಮೆ ನೋಡಿದ.