ನಾಲ್ಕನೆಯದು

ಹವಲ್ಲಿಯ ಇಬ್ನ್ ಖಲ್ದೂನ್ ಬೀದಿ,
ಜ್ಯೂಸ್ ಅಂಗಡಿಯ ಮೇಲಿನ ಮಹಡಿ.
ರಾತ್ರಿ ಹನ್ನೊಂದು. ಹೊರಗೆ ಇನ್ನೂ ನಲವತ್ತೊಂದು ಡಿಗ್ರಿ.
ಶಟರು ಅರ್ಧ ಎಳೆದು ನಾನು, ರೊಡೆಲ್
ಒಂದು ಪ್ರೊಸೆಸರ್ ಮುಂದಿಟ್ಟುಕೊಂಡು ಕೂತಿದ್ದೆವು.
ಬಿಸ್ಕತ್ತಿನಷ್ಟು ಅಗಲ.
ಡಬ್ಬಿಯ ಮೇಲೆ ಬರೆದದ್ದು: ಎರಡು ಕೋರ್.

ಒಳಗೆ ನಾಲ್ಕಿವೆ.
ಗುಟ್ಟೇನಲ್ಲ, ಈ ಬೀದಿಗೆಲ್ಲ ಗೊತ್ತು.
ನಾಲ್ಕೂ ಒಟ್ಟಿಗೇ ಹುಟ್ಟುತ್ತವೆ,
ಪರೀಕ್ಷೆಯಲ್ಲಿ ಒಂದು ತೊದಲಿದರೆ ಅದರ ಬಾಯಿ ಕಟ್ಟುತ್ತಾರೆ,
ಲೆಕ್ಕ ಸಮಕ್ಕೆ ಬರಲೆಂದು ಪಕ್ಕದ್ದಕ್ಕೂ.
ಕೆಲವು ಸಲ ಯಾವುದೂ ತೊದಲಿರುವುದಿಲ್ಲ,
ಆ ತಿಂಗಳು ಅಗ್ಗದ ಮಾಲು ಕಡಿಮೆ ಬಿದ್ದಿರುತ್ತದೆ, ಅಷ್ಟೆ.
ಯಾವುದಕ್ಕೆ ಯಾವ ಕಾರಣವೆಂದು
ಡಬ್ಬಿ ಹೇಳುವುದಿಲ್ಲ.

"ತೆರೆದು ನೋಡು ಫಿತಾಲ್" ಅಂದಿದ್ದ ಫರೀದ್, ಹೋಗುವ ಮೊದಲು.
ಅವನ ಬಾಯಲ್ಲಿ ವಿಠಲ ನಿಲ್ಲುವುದಿಲ್ಲ.
"ನಾಲ್ಕು ಬಂದರೆ ನಾಲ್ಕರ ದರ ಹಾಕು."

ಡಿಲೀಟ್ ಒತ್ತಿ ನೀಲಿ ಪರದೆಗೆ ಇಳಿದೆ.
ಗಡಿಯಾರ, ಮೆಮೊರಿ, ಫ್ಯಾನು ದಾಟಿ
ಕೆಳಗೆಲ್ಲೋ ಒಂದು ಸಾಲು:
ಡಿಸೇಬಲ್ ಇದ್ದದ್ದನ್ನು ಆಟೊ ಮಾಡಿದೆ.
ಅಷ್ಟೇ. ಬೀಗವೂ ಇಲ್ಲ, ಬೀಗದ ಕೈಯೂ ಇಲ್ಲ.
ಎಫ್ ಹತ್ತು. ಹೌದು.
ಕಪ್ಪು.
ರೊಡೆಲ್ ಎದೆಯ ಮೇಲೆ ಶಿಲುಬೆ ಗೀಚಿಕೊಂಡ, ತಮಾಷೆಗೆ;
ಪೂರ್ತಿ ತಮಾಷೆಗಲ್ಲ.
ಬೀಪ್.
ನಾಲ್ಕು ಚೌಕ. ನಾಲ್ಕರಲ್ಲೂ ಹಸಿರು ಗೆರೆ ಏಳುತ್ತಿತ್ತು.

ಒಂದು ತೊಂದರೆ.
ತೆರೆದ ಕೂಡಲೇ ತನ್ನ ಜ್ವರ ಹೇಳುವುದನ್ನು ಅದು ಬಿಡುತ್ತದೆ.
ತಾಪಮಾನ: ಸೊನ್ನೆ.
ಕುವೈತಿನಲ್ಲಿ, ಆಗಸ್ಟಿನಲ್ಲಿ, ಸೊನ್ನೆ!
ರೊಡೆಲ್ ಬಿದ್ದು ಬಿದ್ದು ನಕ್ಕ.
ಬೆಳಗಿನವರೆಗೂ ಲೆಕ್ಕ ಮಾಡುತ್ತಿರಲಿ ಎಂದು ಪರೀಕ್ಷೆಗೆ ಹಚ್ಚಿ
ಹೀಟ್‌ಸಿಂಕಿನ ಬುಡಕ್ಕೆ ಬೆರಳಿನ ಹಿಂಬದಿ ತಾಗಿಸಿದೆ,
ಮಗುವಿನ ಕುತ್ತಿಗೆ ಮುಟ್ಟಿ ನೋಡಿದ ಹಾಗೆ.
ಒಂದೂವರೆಗೆ ಬೆಚ್ಚಗಿತ್ತು.
ಮೂರಕ್ಕೆ, ನಾಲ್ಕು ಎಣಿಸುವವರೆಗೆ ಬೆರಳು ನಿಲ್ಲುತ್ತಿತ್ತು.

ನನ್ನ ಸಿವಿಲ್ ಐಡಿಯಲ್ಲಿ ಅಡುಗೆಯವ ಎಂದಿದೆ.
ಬಂದದ್ದು ಯಾರದೋ ಮನೆಯ ವೀಸಾದಲ್ಲಿ; ಆ ಮನೆ ನೋಡಿಲ್ಲ.
ಸಾರಿಗೆ ಉಪ್ಪೆಷ್ಟು ಎಂದು ಇವತ್ತಿಗೂ ರೊಡೆಲ್‌ನನ್ನು ಕೇಳುತ್ತೇನೆ.
ತಪಾಸಣೆಯವರು ಬಂದರೆ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು
ಗಿರಾಕಿಯ ಹಾಗೆ ಕೀಬೋರ್ಡಿನ ಬೆಲೆ ಕೇಳುತ್ತ ನಿಲ್ಲಬೇಕು.
ಒಮ್ಮೆ ಎಷ್ಟು ಚೆನ್ನಾಗಿ ಚೌಕಾಸಿ ಮಾಡಿದೆನೆಂದರೆ
ಫರೀದ್ ಅರ್ಧ ದಿನಾರು ಇಳಿಸಿಯೇ ಬಿಟ್ಟ.
"ನೀನೂ ಇದೂ ಒಂದೇ" ಎಂದ ರೊಡೆಲ್, ಚಿಪ್ಪು ತೋರಿಸಿ.
ಸುಮ್ಮನಿರು ಮಾರಾಯ, ಎಂದೆ,
ಇದಕ್ಕೆ ಮೂರು ತಿಂಗಳ ಸಂಬಳ ಬಾಕಿ ಇಲ್ಲ.

ಬಾಂಗಿಗೆ ಸ್ವಲ್ಪ ಮೊದಲು ನಾಲ್ಕನೆಯ ಗೆರೆ ನಿಂತಿತು.
ಸತ್ತಿರಲಿಲ್ಲ. ತಪ್ಪು ಉತ್ತರ ಕೊಟ್ಟಿತ್ತು.
ನಾಲ್ಕು ತಾಸು ಸರಿಯಾಗಿ ಎಣಿಸಿ, ಎಲ್ಲೋ,
ದಶಾಂಶ ಬಿಂದುವಿನಿಂದ ಬಹಳ ದೂರದಲ್ಲಿ
ಕೂದಲೆಳೆಯಷ್ಟು ಜಾರಿತ್ತು.
ಉಳಿದ ಮೂರು ಅದನ್ನು ಗಮನಿಸದೆ ಮುಂದೆ ಹೋಗಿದ್ದವು.
ವೋಲ್ಟೇಜು ಒಂದು ಚಿಟಿಕೆ ಏರಿಸಿದೆ. ನಲವತ್ತು ನಿಮಿಷ ತಾಳಿತು.
ಇನ್ನೊಂದು ಚಿಟಿಕೆ. ಹದಿನೈದು.

"ಯಾರಿಗೆ ಗೊತ್ತಾಗುತ್ತೆ?" ರೊಡೆಲ್ ಹೇಳಿದ್ದು ಸುಳ್ಳಲ್ಲ.
ಕೊಳ್ಳುವವಳು ಉಮ್ಮ್ ನಾಯೆಫ್,
ಮನೆಯಲ್ಲೇ ಕೂತು ಮದುವೆ ವಿಡಿಯೊ ಜೋಡಿಸುತ್ತಾಳೆ.
ವಾರಕ್ಕೊಮ್ಮೆ ಯಾರೋ ಮದುಮಗಳ ಕೆನ್ನೆ
ಚೌಕ ಚೌಕವಾಗಿ ಒಡೆದೀತು,
ಆರಿಸಿ ಹಚ್ಚಿದರೆ ಕೂಡಿಕೊಂಡೀತು.

ಮತ್ತೆ ನೀಲಿ ಪರದೆ.
ನಾಲ್ಕನೆಯ ಸಾಲಿಗೆ ಬಂದು ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಮೊದಲ ಸಲ ಇದನ್ನು ಮುಚ್ಚಿದ ಯಂತ್ರಕ್ಕೆ ಕಣ್ಣಿರಲಿಲ್ಲ.
ನನಗಿದ್ದವು; ಉರಿಯುತ್ತಿದ್ದವು.
ಡಿಸೇಬಲ್.

ಬಿಲ್ಲಿನಲ್ಲಿ ಮೂರು ಎಂದು ಬರೆದೆ.
ದರದ ಜಾಗ ಖಾಲಿ ಬಿಟ್ಟೆ, ಫರೀದ್ ಬಂದು ತುಂಬಲಿ.
ರೊಡೆಲ್ ರಟ್ಟಿನ ಮೇಲೆ ಆಗಲೇ ಗೊರಕೆ ಹೊಡೆಯುತ್ತಿದ್ದ.
ಹೋಗುವ ಮುಂಚೆ ಹೀಟ್‌ಸಿಂಕನ್ನು ಇನ್ನೊಮ್ಮೆ ಮುಟ್ಟಿದೆ.
ಬೆರಳು ಚುರ್ರೆಂದಿತು.
ಪರದೆ ಇನ್ನೂ ಸೊನ್ನೆ ಎನ್ನುತ್ತಿತ್ತು.