ಎರಡನೇ ತೂತು

ಸೋಮವಾರ ಎಸ್ತರ್ ತಂದಿಟ್ಟು ಹೋದಳು
ಅಂಗೈಯಗಲದ ಮೌತ್ ಆರ್ಗನ್ನು, ಹತ್ತು ತೂತು.
'ಎರಡನೇದು ಸತ್ತಿದೆ ಅಂಕಲ್,
ಊದಿದರೆ ಸರಿ, ಒಳಗೆಳೆದರೆ ಬರೀ ಕ್ಯಾಂವ್.'
ನಾಯ್ಡುನಗರದ ಹುಡುಗಿ, ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ,
ಕಲಿಯುತ್ತಿರುವುದು ಬ್ಲೂಸಂತೆ.
ಗುರು ಯಾರು ಅಂದೆ. ಗೋಡೆ ಅಂದಳು.

ಶಿವರಾಂಪೇಟೆಯ ಈ ಒಂದೂವರೆ ಆಳಗಲದ ಅಂಗಡಿಯಲ್ಲಿ
ನಲವತ್ತೊಂದು ವರ್ಷ ಹಾರ್ಮೋನಿಯಂ ಹೊಟ್ಟೆ ಬಗೆದವನು ನಾನು.
ಭಜನೆಯವರವು, ನಾಟಕದವರವು,
ಇಲಿ ಮರಿ ಹಾಕಿದ್ದವು.
ಹಿತ್ತಾಳೆ ನಾಲಿಗೆಯ ತುದಿ ಉಜ್ಜಿದರೆ ಸ್ವರ ಏರುತ್ತದೆ,
ಬುಡ ಕೆರೆದರೆ ಇಳಿಯುತ್ತದೆ,
ಇದಿಷ್ಟೇ ನನ್ನ ವೇದ.
ಇಷ್ಟುದ್ದದ ಆಟಿಕೆ ನನಗ್ಯಾವ ಲೆಕ್ಕ?

ಸ್ಕ್ರೂ ಬಿಚ್ಚಿ ಉಗುರಲ್ಲಿ ಮೀಟಿದೆ.
ಟಿಣ್ ಅಂತು. ಅಪ್ಪಟ ಪಂಚಮ, ಕೂದಲೆಳೆಯಷ್ಟೂ ಲೋಪವಿಲ್ಲ.
ಮುಚ್ಚಿ, ತುಟಿಗಿಟ್ಟು ಎಳೆದೆ:
ಕ್ಯಾಂವ್.
ಮಂಗಳವಾರ, ಬುಧವಾರ ಅದರಲ್ಲೇ ಹೋಯಿತು.
ಚಾಮುಂಡಿಪುರದ ಭಜನೆಯವರ ಪೆಟ್ಟಿಗೆ ಮೂಲೆಯಲ್ಲಿ ಧೂಳು ಕುಡಿಯಿತು.
ಗುರುವಾರ ರಾತ್ರಿ ಷಟರ್ ಅರ್ಧ ಇಳಿಸಿ ಕೂತಾಗ ಹೊಳೆಯಿತು,
ಕೆಟ್ಟಿರುವುದು ಹಿತ್ತಾಳೆಯ ನಾಲಿಗೆಯಲ್ಲ.

'ರೀಡು ಸರಿ ಇದೆಯಮ್ಮ,
ರಿಪೇರಿಗೆ ಬಂದಿರೋದು ನಿನ್ನ ಬಾಯಿ.'
ನಕ್ಕಳು. 'ನಿಮ್ಮದು?'
'ನಂದೂನು.'
ದುಡ್ಡು ಮುಟ್ಟಲಿಲ್ಲ. ನನಗೂ ಒಂದು ತರಿಸಿಕೊಡು ಅಂದೆ,
ಬಿಳಿ ಒಂದರದ್ದೇ.

ಅರವತ್ತಮೂರಕ್ಕೆ ಅ ಆ ಇ ಈ.
ಒಂದು ತೂತಿಗೆ ಬಾಯಿಟ್ಟರೆ ಮೂರು ಒಟ್ಟಿಗೆ,
ಒಂದು ಮನೆ ಬಾಗಿಲು ತಟ್ಟಿದರೆ ವಠಾರವೆಲ್ಲ ಓಗೊಟ್ಟ ಹಾಗೆ.
ಹುಣಿಸೆಬೀಜ ಚೀಪುವ ಹಾಗೆ ತುಟಿ ಮುದುಡಿ ಅನ್ನುತ್ತಾಳೆ ಎಸ್ತರ್.
ಚೀಪಿದೆ. ಎಂಜಲು ಬಂತು.
ಮನೆಯಲ್ಲಿ ದೇವೀರಮ್ಮಣ್ಣಿ ಟೀವಿ ಜೋರು ಮಾಡುತ್ತಾಳೆ.
ಅಂಗಡಿ ಮುಂದೆ ಟಾಂಗಾ ಕುದುರೆ ತುಟಿ ಅದುರಿಸಿ ಫುರ್ರ್ ಅಂತು,
ನನಗಿಂತ ಚೆನ್ನಾಗಿತ್ತು.

ಇದರ ಶಾಸ್ತ್ರವೇ ಉಲ್ಟಾ.
ಷಡ್ಜಕ್ಕೆ ಕಟ್ಟಿದ ಮನೆಯಲ್ಲಿ ಪಂಚಮವನ್ನು ಯಜಮಾನ ಮಾಡಬೇಕು.
ಆ ಸತ್ತ ಎರಡನೇ ತೂತೇ ಹೊಸ್ತಿಲು,
ಅಲ್ಲಿಂದ ಹೊರಟು ಅಲ್ಲಿಗೇ ಬರಬೇಕು, ಹನ್ನೆರಡು ಅಂಕಣ ನಡೆದು.
ಹೆಬ್ಬೆರಳಲ್ಲಿ ಗೆಣ್ಣೆಣಿಸಿದರೆ ನಾಲ್ಕು ಬೆರಳಿಗೆ ಸರಿಯಾಗಿ ಹನ್ನೆರಡು;
ನಮ್ಮಜ್ಜಿ ಸೊಪ್ಪಿನ ಕಂತೆ ಎಣಿಸುತ್ತಿದ್ದದ್ದು ಹೀಗೇ.
ಊದುವುದು ಯಾರಿಗೆ ಬರಲ್ಲ?
ಒಲೆಗೆ ಊದಿದ್ದೇವೆ, ಬಿಸಿ ಕಾಫಿಗೆ, ಕಣ್ಣಿಗೆ ಬಿದ್ದ ಕಸಕ್ಕೆ.
ಒಳಗೆಳೆದುಕೊಂಡು ಹಾಡುವುದು
ಯಾರು ಹೇಳಿಕೊಟ್ಟಿದ್ದರು ನಮಗೆ?

ಇನ್ನು ಬಗ್ಗಿಸುವುದು.
ಅಂದರೆ ಸ್ವರವನ್ನು ಅದರ ಜಾಗದಿಂದ ಕೆಳಕ್ಕೆ ಜಗ್ಗುವುದು.
ಜಾರಿದ್ದನ್ನೆಲ್ಲ ಜಾಗಕ್ಕೆ ಕೂರಿಸಿದ ಕೈ ನನ್ನದು,
ತಿಂಗಳೊಪ್ಪತ್ತು ಬಗ್ಗಲಿಲ್ಲ.
ಈ ಅಂತ ಶುರುಮಾಡಿ ಊ ಅನ್ನಿ ಅಂದಳು. ಆಗಲಿಲ್ಲ.
ಆಕಳಿಸಿ ಅಂದಳು. ನಿದ್ದೆ ಬಂತು.
ಒಂದು ಸಂಜೆ ಲ್ಯಾಬಿನಿಂದ ಸಪ್ಪಗೆ ಬಂದವಳು,
'ಅಂಕಲ್, ಅಳು ಅನ್ನಿ' ಅಂದಳು.
'ಯಾಕಮ್ಮ?'
'ಅಳಬೇಡಿ, ಬರೀ ಅನ್ನಿ.
ಳು ಅನ್ನುವಾಗ ನಾಲಿಗೆ ಎಲ್ಲಿ ಹೋಗುತ್ತೆ ನೋಡಿ,
ಅಲ್ಲೇ ನಿಲ್ಲಿಸಿ ಉಸಿರೆಳೀರಿ.'

ಅ... ಳು.
ಪಂಚಮ ಮೊದಲು ಮೊಂಡು ಹಿಡಿಯಿತು.
ಆಮೇಲೆ, ಮಳೆಗೆ ಉಬ್ಬಿದ ಬಾಗಿಲು
ನೆಲಕ್ಕೆ ಉಜ್ಜಿಕೊಂಡು ತೆರೆಯುವ ಹಾಗೆ
ಇಳಿಯಿತು, ಪ್ರತಿಮಧ್ಯಮದ ಕಡೆಗೆ,
ನಾನು ಕೂರಿಸಿದ ಯಾವ ಮನೆಯಲ್ಲೂ ಇರದ ಒಂದು ಸಂದಿಗೆ.
ಅವಳೂ ತನ್ನದನ್ನು ತೆಗೆದು ಅದನ್ನೇ ಎಳೆದಳು, ಅರ್ಧ ಉಸಿರು.
'ಯಾರದೋ ರಿಪೋರ್ಟು' ಅಂದಳಷ್ಟೆ.
ನಾನು ಕೇಳಲಿಲ್ಲ.

ಆವತ್ತು ರಾತ್ರಿ ಚಾಮುಂಡಿಪುರದ ಪೆಟ್ಟಿಗೆ ಬಿಚ್ಚಿದೆ.
ಗಾಂಧಾರ ಕೊಂಚ ಇಳಿದಿತ್ತು.
ಅರ ಎತ್ತಿದವನು ಇನ್ನೊಮ್ಮೆ ಒತ್ತಿ ಕೇಳಿ
ಕೆಳಗಿಟ್ಟೆ.
ಒಂದು ರಾತ್ರಿ ಹಾಗೇ ಇರಲಿ.

ಬೆಳಿಗ್ಗೆ ಉಜ್ಜಿ ಸರಿಮಾಡಿ ಕೊಟ್ಟೆ, ಇನ್ನೂರೈವತ್ತು.
ಐವತ್ತು ಇಳಿಸಿ ಅಂದರು.
ಇಳಿಸಿದೆ.