ರದ್ದಿಗೆ ಹಾಕುವ ಮೊದಲು

ಕೊನೆಯ ಪರೀಕ್ಷೆ ಮುಗಿದ ಮೂರನೇ ದಿನ
ಅವ್ವ ಅಂದಳು: ಮೂಲಿ ಖಾಲಿ ಮಾಡು,
ಪ್ಯಾಂಟಿನ ಗಂಟು ಇಡಾಕ ಜಾಗ ಇಲ್ಲ.

ಕೌಲ್ ಬಜಾರಿನ ಒಂದೂವರೆ ಕೋಣೆಯಲ್ಲಿ,
ಮಾರ್ಚಿಯ ಬಿಸಿಲಿಗೆ ತಗಡು ಟಣ್ ಎನ್ನುವ ಹೊತ್ತು,
ಒಂದು ವರ್ಷವನ್ನು ಕಾಲ ಸುತ್ತ ಹರಡಿಕೊಂಡು ಕೂತಿದ್ದೇನೆ.

ಮೊದಲು ಲೆಕ್ಕಶಾಸ್ತ್ರ.
ಎಡಕ್ಕೂ ಬಲಕ್ಕೂ ಮೊತ್ತ ಒಂದೇ ಬರಬೇಕು, ಬಾರದಿದ್ದರೆ
ಎಲ್ಲೋ ಏನೋ ಬರೆಯದೆ ಬಿಟ್ಟಿದ್ದೀರಿ ಎನ್ನುತ್ತಿದ್ದರು ಸುಲೋಚನಾ ಮಿಸ್.
ಮನೆಯದನ್ನೂ ಒಮ್ಮೆ ಹಾಕಿ ನೋಡಿದ್ದೆ,
ಪೆನ್ಸಿಲಿನದು, ಇನ್ನೂ ಅಳಿಸಿಲ್ಲ:
ಒಂದು ಜೀನ್ಸಿನ ದಾರ ಕತ್ತರಿಸಿದರೆ ಒಂದು ರೂಪಾಯಿ,
ದಿನಕ್ಕೆ ಇನ್ನೂರು, ಕರೆಂಟು ಹೋದರೆ ನೂರಿಪ್ಪತ್ತು.
ಆ ಕಡೆ ಬಾಡಿಗೆ, ಗ್ಯಾಸು, ತಮ್ಮನ ಕೆಮ್ಮು.
ಮೊತ್ತ ಬರಲಿಲ್ಲ. ಹಾಳೆ ಮಡಚಿದ್ದೆ.

ವರ್ಷವಿಡೀ ನನ್ನ ಬೆರಳ ತುದಿ ನೀಲಿ.
ಜೂನಿನಲ್ಲಿ ಮುಷ್ಟಿ ಕಟ್ಟಿ ಕೂರುತ್ತಿದ್ದೆ ಎರಡನೇ ಬೆಂಚಿನಲ್ಲಿ,
ಇಂಕು ಸೋರಿತಾ ಎಂದವರಿಗೆ ಹೂಂ ಎನ್ನುತ್ತಿದ್ದೆ.
ಯಾವ ತಿಂಗಳು ಬಿಚ್ಚಿದೆನೋ, ಎಲ್ಲೂ ಬರೆದಿಟ್ಟಿಲ್ಲ.
ಎರ್ರೆಮ್ಮನ ಬೆರಳೂ ನೀಲಿ ಅಂತ ಗೊತ್ತಾದ ದಿನವೇ ಇರಬೇಕು,
ಅವಳು ಮೆಹಂದಿಯಲ್ಲಿ ಮುಚ್ಚುತ್ತಿದ್ದಳಂತೆ.
ನಕ್ಕಿದ್ದಕ್ಕೆ ಇಬ್ಬರನ್ನೂ ಹೊರಗೆ ನಿಲ್ಲಿಸಿದರು.
ಕಾರಿಡಾರಿನಿಂದ ಗುಡ್ಡ, ನೀರಿಲ್ಲದ ಕೆರೆಯಲ್ಲಿ
ಮಲಗಿದ ಎಮ್ಮೆಯ ಹಾಗೆ.
ಹದಿನೇಳು ವರ್ಷ ಕಣ್ಣೆದುರೇ ಇದ್ದದ್ದು,
ನೋಡಿದ್ದು ಅವತ್ತು.

ಡಿಸೆಂಬರ್ ಆದ ಮೇಲೆ ಅವಳ ಹೆಸರು ಕೂಗಿದರೆ
ಎಸ್ ಮಿಸ್ ಅನ್ನುವವರಿಲ್ಲ.
ಒಂದು ವಾರ ನಾನೇ ಅಂದೆ, ದನಿ ಬದಲಿಸಿ. ಸಿಕ್ಕಿಬಿದ್ದೆ.
ಮುಂಡರಗಿ ಕಡೆ ವಾಷಿಂಗ್ ಯೂನಿಟ್ಟಿನಲ್ಲಿದ್ದಾಳೆ ಈಗ,
ಮೊಣಕೈವರೆಗೂ ನೀಲಿ.

ದೊಡ್ಡವಳಾದಳು ಅಂತ ಎಂಟನೇ ಕ್ಲಾಸಿನಲ್ಲೇ
ಚಿಗಳಿ ತಿನ್ನಿಸಿ, ಹೂ ಮುಡಿಸಿ ಹೇಳಿಬಿಟ್ಟಿದ್ದರು ಓಣಿಯ ಹೆಂಗಸರು.
ಆ ಮಾತಿಗೆ ಇನ್ನೊಂದು ಅರ್ಥ ಇದೆಯೇನೋ
ಅಂತ ಹುಡುಕುತ್ತಲೇ ಇದ್ದೆ.

ಇಂಗ್ಲಿಷ್ ನೋಟ್ಸಿನ ಕೊನೆಯ ಪುಟದಲ್ಲಿ ಅವ್ವನ ಸಹಿ,
ಬ್ಯಾಂಕಿಗೆ ಹೋಗುವ ಹಿಂದಿನ ರಾತ್ರಿ ಕಲಿತದ್ದು.
ಹುಲಿಗೆಮ್ಮ, ಹುಲಿಗೆಮ್ಮ, ಒಂಬತ್ತು ಸಾಲು.
ಮೊದಲ ಸಾಲಿನಲ್ಲಿ ಹುಲಿಗೆ ಕೊಂಬಿಲ್ಲ,
ಐದರಲ್ಲಿ ಮ ಕೆಳಗಿನ ಒತ್ತು
ಬೀಗರ ಮನೆಗೆ ಬಂದವರ ಹಾಗೆ ದೂರ ಕೂತಿದೆ.
ಕೆಂಪು ಪೆನ್ನಿನಲ್ಲಿ ತಿದ್ದಿ ಗುಡ್ ಅಂತ ಇಂಗ್ಲಿಷಿನಲ್ಲಿ ಬರೆದೆ.
ಏನೇ ಇದು, ಬೈದೀ ಏನು ನನ್ನ? ಅಂದಳು.

ಆ ರಾತ್ರಿ ದೊಡ್ಡವಳಾದೆ ಅಂದುಕೊಂಡೇ ಮಲಗಿದ್ದೆ.
ಬೆಳಿಗ್ಗೆ ಕೌಂಟರಿನಾತ ಒಂದು ಸಲ ಗದರಿದ್ದಕ್ಕೆ
ಫಾರಂ ತುಂಬಿದ ನಾನು ಅವ್ವನ ಬೆನ್ನ ಹಿಂದೆ.
ಅವಳು ಮಾತ್ರ ನಿಂತಲ್ಲೇ ನಿಂತು, ನಾಲಿಗೆ ಕಚ್ಚಿಕೊಂಡು,
ಒಂದೊಂದೇ ಅಕ್ಷರ ಇಳಿಸಿದಳು.
ಹಿಂದಿನ ಸಾಲು ಗೊಣಗಿತು. ಗೊಣಗಲಿ.

ಆ ಪುಟವೊಂದನ್ನು ಹರಿದಿಟ್ಟುಕೊಂಡೆ.

ಗಾದಿಲಿಂಗನ ಅಂಗಡಿಯಲ್ಲಿ ಎರಡು ಕಿಲೋ ಮುನ್ನೂರು.
ರಟ್ಟಿಂದು ಕಳೆದರೆ ಎರಡೇ ಅಂದ, ಇಪ್ಪತ್ನಾಲ್ಕು ಕೊಟ್ಟ.
ಒಂದು ಹಾಳೆ ಕಡಿಮೆಯಾದದ್ದು
ಅವನ ತಕ್ಕಡಿಗೆ ಗೊತ್ತಾಗಲೇ ಇಲ್ಲ.

ಬರುವಾಗ ಬಂಡಿಯ ಹತ್ತಿರ ಎರಡು ಮಿರ್ಚಿ.
ಕಟ್ಟಿಕೊಟ್ಟ ಹಾಳೆ ಯಾವುದೋ ಹುಡುಗನ ಪ್ರಬಂಧ.
ಎಣ್ಣೆ ಕುಡಿದು ಎರಡೂ ಮಗ್ಗುಲು ಒಟ್ಟಿಗೇ ಕಾಣುತ್ತಿದೆ:
ನಮ್ಮ ಊರು ಬಳಾರಿ. ಇಲ್ಲಿ ಬಿಸಿಲು ಇದೆ.
ಗುಡ್ಡ ಇದೆ. ನಮ್ಮ ಮಾವ ಇದ್ದಾರೆ.

ಕೈಯಲ್ಲಿ ಪೆನ್ನಿರಲಿಲ್ಲ.
ಜಿಡ್ಡು ಬೆರಳಿಂದಲೇ
ಳ ಕೆಳಗೆ ಒಂದು ಒತ್ತು ಕೊಟ್ಟೆ.